ಕ್ಷೌರದಂಗಡಿಯ ಕನ್ನಡಿಯಲ್ಲಿ ಅಪ್ಪನ ಎಮ್ಮೆ

ನಾನು ಚಿಕ್ಕವನಿದ್ದಾಗ ಪೇಪರಿನ ಚಿತ್ರಗಳನ್ನು ನಮ್ಮಂಥ ಮನುಷ್ಯರೇ ಬರೆಯುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ, ಮಕ್ಕಳೇ. ಹಾಗಿರುವಾಗ ಅದರಲ್ಲಿ ನಮ್ಮಪ್ಪ ಬರೆದ ಚಿತ್ರ ಬರುತ್ತದೆ ಎಂದರು. ಅವತ್ತು ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಊರಿಗೆಲ್ಲ ಹೇಳಿಬಂದೆ.

ಸಿಂಧಘಟ್ಟದಲ್ಲಿ ನಮ್ಮದು ಚಿನ್ನ ಬೆಳ್ಳಿ ಕೆಲಸದ ಮನೆ. ಇದ್ದಿಲ ಹೊಗೆ, ಹುಣಸೆಹುಳಿ, ಬಿಸಿ ಅರಗು, ಇವುಗಳ ವಾಸನೆಯಲ್ಲೇ ಬೆಳೆದೆವು. ಅಪ್ಪ ಪದಕದ ಅಚ್ಚು ಕೆತ್ತುತ್ತಿದ್ದ. ಕಂಚಿನಲ್ಲಿ ಹೆಸರನ್ನು ಎಡಬಲ ತಿರುವಿ ಕೆತ್ತಬೇಕು. ಬೆಳ್ಳಿ ತಗಡನ್ನು ಮೇಲಿಟ್ಟು ಬಡಿದರೆ ನೆಟ್ಟಗೆ ಮೂಡುತ್ತದೆ. ಬಿಡುವಾದಾಗ ಒಬ್ಬ ರೈತ ಮತ್ತು ಅವನ ಬಾಯಿಬಡುಕ ಎಮ್ಮೆಯ ಚಿತ್ರ ಬರೆಯುತ್ತಿದ್ದ. ಉಂಗುರ ಮಾಡಿಸಲು ಬಂದ ಮೈಸೂರಿನ ಪೇಪರಿನವರೊಬ್ಬರು ಅದನ್ನು ನೋಡಿ, ಮೂರು ಚೌಕದ ಚಿತ್ರಕಥೆಯೊಂದನ್ನು ಕಳಿಸಿ, ಓದುವವರು ಮೆಚ್ಚಿದರೆ ದಿನಾ ಹಾಕೋಣ, ಇಲ್ಲದಿದ್ದರೆ ಇದೊಂದೇ ಎಂದಿದ್ದರು.

ಚಿತ್ರ ಬರಬೇಕಿದ್ದ ಬೆಳಿಗ್ಗೆ ಕೆ.ಆರ್. ಪೇಟೆ ಬಸ್ಸಿನಲ್ಲಿ ಬಂದ ಪೇಪರನ್ನು ಅಕ್ಕ ಬಿಚ್ಚಿದಳು. ಕೊನೆಯ ಪುಟದಲ್ಲಿ ರೈತನಿದ್ದ, ಎಮ್ಮೆಯಿತ್ತು, ಆದರೆ ಒಂದು ಮಾತೂ ಓದಲಾಗಲಿಲ್ಲ. ಒತ್ತಿ ಮೂಡಿಸುವುದೆಲ್ಲ ತಿರುವಿರಬೇಕು ಎಂದುಕೊಂಡ ಅಪ್ಪ, ಇದನ್ನೂ ತಿರುವಿಯೇ ಬರೆದು ಕಳಿಸಿದ್ದ! ತಿದ್ದಲು ಹೊತ್ತಿಲ್ಲದೆ ಪೇಪರಿನವರೂ ಹಾಗೇ ಹಾಕಿಬಿಟ್ಟಿದ್ದರು.

"ಆಯ್ತು ಬುಡವ್ವ, ನಮ್ಗೆ ಆ ಯೋಗ ಇಲ್ಲ," ಎಂದು ಅಕ್ಕನಿಗೆ ಹೇಳಿ ಅಪ್ಪ ಒಲೆ ಊದುತ್ತ ಕುಳಿತ. ನಾನು ಗೊಳೋ ಎಂದೆ. ರಗಳೆ ತಾಳಲಾರದೆ ಅವ್ವ ನನ್ನನ್ನು ಕ್ಷೌರಕ್ಕೆ ಅಟ್ಟಿದಳು.

ಕ್ಷೌರದಂಗಡಿಯಲ್ಲಿ ಊರಿಗೇ ದೊಡ್ಡ ಕನ್ನಡಿ. ಅದರ ಮುಂದೆ ಒಬ್ಬ ಮಾವ ಅರ್ಧ ಮುಖಕ್ಕೆ ಸೋಪು ಹಚ್ಚಿಸಿಕೊಂಡು ಕುಳಿತಿದ್ದ. ಬೆನ್ನ ಹಿಂದೆ ಇನ್ನೊಬ್ಬ ಪೇಪರು ಬಿಡಿಸಿ ಹಿಡಿದಿದ್ದ. ಮಾವ ಇದ್ದಕ್ಕಿದ್ದಂತೆ ನಗತೊಡಗಿದ, ನೊರೆ ಅಂಗಿಯ ಮೇಲೆಲ್ಲ ಹಾರಿತು.

"ಪೇಪರ್ ಮಡಚ್ಬ್ಯಾಡ ಕಣ್ಲಾ. ಕನ್ನಡೀಲಿ ಎಮ್ಮೆ ಮಾತಾಡ್ತಾ ಅದೆ, ನೋಡ್ಲಾ."

ನೋಡಿದೆ. ಅಕ್ಷರಗಳೆಲ್ಲ ನೆಟ್ಟಗೆ ನಿಂತಿದ್ದವು! ಹಾಲೇಕೆ ಕಮ್ಮಿ ಎಂದು ರೈತ ಗದರಿಸುತ್ತಿದ್ದ. ನಿನ್ನ ಬಾವೀಲಿ ನೀರು ಕಮ್ಮಿ ಆಗಿದೆ, ನಾನೇನು ಮಾಡಲಿ ಎನ್ನುತ್ತಿತ್ತು ಎಮ್ಮೆ. ಕ್ಷೌರ ಮರೆತು ಓಡಿಹೋಗಿ ಅಪ್ಪನನ್ನು ಎಳೆದು ತಂದೆ.

ಅಷ್ಟರಲ್ಲಿ ಡೇರಿಗೆ ಹಾಲು ಹಾಕಿ ಬಂದವರೂ ಸೇರಿ ಅಂಗಡಿ ತುಂಬಿತ್ತು. ಎಲ್ಲರ ಮುಖವೂ ಕನ್ನಡಿಯ ಕಡೆಗೆ. ಬಾಗಿಲಲ್ಲಿ ನಿಂತ ಅಪ್ಪನಿಗೆ ಅದೇ ಕನ್ನಡಿಯಲ್ಲಿ ತನ್ನ ಎಮ್ಮೆಯೂ ಕಂಡಿತು, ನಗುವ ಜನರೂ ಕಂಡರು. ಅಪ್ಪ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

ಕನ್ನಡಿ ಹಿಡಿದು ಓದಿದೆವೆಂದು ನಾಗಮಂಗಲ, ಪಾಂಡವಪುರದಿಂದೆಲ್ಲ ಪೇಪರಿನವರಿಗೆ ಕಾಗದಗಳು ಬಂದವಂತೆ. ಬೇಕೆಂದೇ ಮಾಡಿದ ಚಮತ್ಕಾರ ಎಂದುಕೊಂಡಿದ್ದರು ಓದಿದವರು! ಕಣ್ಣು ಮಂಜಾಗುವವರೆಗೂ ಅಪ್ಪ ದಿನಾ ಆ ಎಮ್ಮೆಯನ್ನು ಬರೆದ. ಯುಗಾದಿಗೊಮ್ಮೆ ಮಾತ್ರ, ಓದುವವರು ಕೇಳುತ್ತಾರೆಂದು, ತಿರುವಿ ಬರೆಯುತ್ತಿದ್ದ.

ಮೊನ್ನೆ ಆ ಹಳೆಯ ಪೇಪರಿನ ತುಂಡು ಕೊಟ್ಟರೆ ನೀವು ಕನ್ನಡಿ ಹುಡುಕಲಿಲ್ಲ. ಫೋನಿನ ಮೇಲೆ ಬೆರಳಾಡಿಸಿ ಚಿಟಿಕೆ ಹೊಡೆಯುವುದರಲ್ಲಿ ನೆಟ್ಟಗೆ ಮಾಡಿದಿರಿ, ನಾನು ಬೆರಗಾದೆ. ನಮಗೆ ಊರಿಗೆಲ್ಲ ಒಂದು ಕನ್ನಡಿ, ನಿಮಗೆ ಕೈಗೊಂದು. ಇನ್ನು ಒಬ್ಬೊಬ್ಬರೇ ನಗುತ್ತೀರೇನೋ ಎಂದುಕೊಂಡೆ. ಆದರೆ ನಿಮ್ಮಲ್ಲಿ ಚಿಕ್ಕವಳು ಓದಿ ನಕ್ಕವಳೇ ಫೋನನ್ನು ಅಣ್ಣನ ಕಡೆ ತಿರುಗಿಸಿದಳು.

"ಅಣ್ಣಾ, ಎಮ್ಮೆ ಮಾತಾಡ್ತಿದೆ, ನೋಡೋ."

ಸೋಪಿನ ಮುಖದ ಆ ಮಾವನ ಮಾತನ್ನು ನಾನಿನ್ನೂ ಅವಳಿಗೆ ಹೇಳಿರಲೇ ಇಲ್ಲ.