ನೀಲಿ ಪಿಕಪ್ಪಿನ ಪೈಂಟು ಕೆರೆದದ್ದು

ಮುಂಬಯಿಯ ಮಲಾಡಿಗೆ ಬಂದ ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ ಬಂದು ನೋಡುತ್ತೇನೆ, ನಮ್ಮ ಮಂಚದ ಮೇಲೆ ಗುರುತು ಪರಿಚಯ ಇಲ್ಲದ ಹೆಂಗಸೊಬ್ಬಳು ಚಕ್ಕಳಮಕ್ಕಳ ಹಾಕಿ ಕೂತು ನಮ್ಮದೇ ಬೆಳ್ಳುಳ್ಳಿ ಸುಲಿಯುತ್ತಿದ್ದಾಳೆ. ನಾನು ಒದ್ದೆ ಕೂದಲಲ್ಲಿ ಬಾಗಿಲಲ್ಲೇ ನಿಂತುಬಿಟ್ಟೆ. ಅವಳು ತಲೆ ಎತ್ತಿ, "ಬಾರವ್ವಾ ಒಳಗ, ಯಾಕ ಅಲ್ಲೇ ನಿಂತಿ?" ಎಂದಳು. ನನ್ನ ಮನೆಗೆ ನನ್ನನ್ನೇ ಕರೆಯುವುದಾ! ನಮ್ಮ ಮಲ್ಪೆಯಲ್ಲಾದರೆ ಎಷ್ಟೇ ಸಲಿಗೆಯವರಾದರೂ ಅಂಗಳದಿಂದ ಒಮ್ಮೆ ಕೂಗಿಯೇ ಒಳಗೆ ಬರುವುದು. ಇಲ್ಲಿಯ ಚಾಳಿನಲ್ಲಿ, ಅಂದರೆ ಸಾಲಾಗಿ ಒಂದೊಂದೇ ಕೋಣೆಯ ಮನೆಗಳಿರುವ ಈ ಉದ್ದದ ಕಟ್ಟಡದಲ್ಲಿ, ಅಂಗಳವೇ ಇಲ್ಲ. ಕೂಗುವುದಾದರೂ ಎಲ್ಲಿ ನಿಂತು?

ಅವಳು ಶಾಂತವ್ವ. ವಿಜಯಪುರದ ಕಡೆಯವಳು, ಪಕ್ಕದ ಕೋಣೆ, ನನ್ನ ಗಂಡನ ಅಡುಗೆ ಕೆಲಸಕ್ಕೆ ತರಕಾರಿ ಹೆಚ್ಚಲು ಬರುವವಳು. ಅವಳ ಕನ್ನಡ ನನಗೆ ಅರ್ಧ ಅರ್ಥವಾಗುತ್ತದೆ, ನನ್ನದು ಅವಳಿಗೆ ಅರ್ಧ. ಉಳಿದದ್ದನ್ನು ಇಬ್ಬರೂ ಹರಕು ಹಿಂದಿಯಲ್ಲಿ ಸರಿ ಮಾಡಿಕೊಳ್ಳುತ್ತೇವೆ. ಇಬ್ಬರು ಕನ್ನಡದವರು ಹಿಂದಿಯಲ್ಲಿ ಮಾತಾಡುವುದಾ ಎಂದು ಊರಲ್ಲಿರುವ ನಿಮಗೆ ನಗು ಬರಬಹುದು. ಒಮ್ಮೆ ಬಂದು ನೋಡಿ, ಆಮೇಲೆ ನಗಿ.

ನಾನು ಬಂದ ಕತೆ ಹೀಗೆ. ನನ್ನವರು, ಸಂಜೀವ, ಇಪ್ಪತ್ತಾರು ವರ್ಷ ಅಂಧೇರಿಯ ಒಂದು ಉಡುಪಿ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಂತವರು. ಮದುವೆಯಾದ ಮೇಲೂ ನಾನು ಮಲ್ಪೆಯಲ್ಲೇ ಉಳಿದೆ. ಅಪ್ಪ ಬೋಟು ನಿಲ್ಲುವ ದಕ್ಕೆಯ ಹತ್ತಿರ ಅವುಗಳ ವಯರ್‌ಲೆಸ್ ರಿಪೇರಿ ಮಾಡುತ್ತಿದ್ದರು. ನಾನು ಫ್ರಾಕ್ ಹಾಕುವ ಕಾಲದಿಂದ ಅವರ ಪಕ್ಕ ಕೂತು ವಯರು ಸುಲಿದು, ಬೆಸುಗೆ ಹಾಕಿ ಬೆಳೆದವಳು. ವರ್ಷಕ್ಕೊಮ್ಮೆ ಬರುವ ಗಂಡ, ವಾರಕ್ಕೊಮ್ಮೆ ಬರುವ ಫೋನು. ಆ ಫೋನಿನಲ್ಲಿ ಇವರು ಎಂಥ ಮಾತುಗಾರ ಗೊತ್ತುಂಟಾ! ಯಾವ ಗಿರಾಕಿ ಚಟ್ನಿಗೆ ಜಗಳ ಮಾಡಿದ, ಲೋಕಲ್ ಟ್ರೈನಿನಲ್ಲಿ ಯಾರ ಚಪ್ಪಲಿ ಬಿದ್ದುಹೋಯಿತು, ಎಲ್ಲ ಹೇಳಿ ಹೇಳಿ ನನ್ನನ್ನು ನಗಿಸುತ್ತಿದ್ದರು. ಮಗಳ ಮದುವೆಯೂ ಆಯಿತು, ಅಪ್ಪನೂ ಹೋದರು. ಆಗಲೇ ಇವರು ಹೋಟೆಲು ಬಿಟ್ಟು ಒಂದು ಸೆಕೆಂಡ್ ಹ್ಯಾಂಡ್ ಪಿಕಪ್ ತೆಗೆದುಕೊಂಡು, ಶೂಟಿಂಗಿನವರಿಗೆ ಊಟ ಸಪ್ಲೈ ಮಾಡಲು ಹೊರಟರು. "ನೀನೂ ಬಾ, ಒಟ್ಟಿಗೆ ಇರುವ" ಎಂದರು. "ಆರು ತಿಂಗಳು ನೋಡ್ತೇನೆ, ಆಗದಿದ್ದರೆ ವಾಪಸು" ಎಂದು ನಾನು ಹೊರಟು ಬಂದೆ.

ಬಂದ ಮೇಲೆ ಗೊತ್ತಾಯಿತು, ಇವರು ಮನೆಯಲ್ಲಿ ಮಾತೇ ಆಡುವುದಿಲ್ಲ! "ಊಟ ಆಯ್ತಾ?" "ಫ್ಯಾನು ಜೋರಾಯ್ತಾ?" ಅಷ್ಟೇ. ಆ ಕೋಣೆಯಲ್ಲಿ ಕೈ ಚಾಚಿದರೆ ಗಂಡ ಸಿಗುತ್ತಾರೆ, ಮಾತು ಮಾತ್ರ ಸಿಗುವುದಿಲ್ಲ. ನನ್ನ ಮುಖ ನೋಡಿದರೆ ಬ್ಯಾಂಕಿನ ಮ್ಯಾನೇಜರನ್ನು ಕಂಡವರ ಹಾಗೆ ಕಾಲರು ಸರಿ ಮಾಡಿಕೊಳ್ಳುತ್ತಾರೆ. ಮಲ್ಪೆಯಲ್ಲಿ ಒಬ್ಬಳೇ ಇದ್ದಾಗ ನನಗೆ ಹೀಗೆ ಬೇಸರ ಆದದ್ದಿಲ್ಲ. ಐದನೇ ತಿಂಗಳಿಗೆ ಮನಸ್ಸಿನಲ್ಲೇ ಟ್ರಂಕು ಕಟ್ಟಿಯಾಗಿತ್ತು.

ಅಷ್ಟರಲ್ಲಿ ಇವರಿಗೊಂದು ದೊಡ್ಡ ಕೆಲಸ ಬಂತು. ಮಲಾಡಿನಾಚೆ ಸಮುದ್ರದ ಬದಿಗಿರುವ ಮಢ್ ಕಡೆಯ ಬಂಗಲೆಯೊಂದರಲ್ಲಿ ಎರಡು ತಿಂಗಳ ಶೂಟಿಂಗು, ದಿನಾ ಎಂಬತ್ತು ಜನರ ಊಟ. ಆದರೆ ಒಂದು ಕರಾರು. ಯಾರೂ ಫೋಟೋ ತೆಗೆಯಬಾರದೆಂದು ಅಲ್ಲಿ ಎಲ್ಲರ ಮೊಬೈಲು ಗೇಟಿನಲ್ಲೇ ಇಸಿದುಕೊಳ್ಳುತ್ತಾರೆ. ಆದ್ದರಿಂದ ಯೂನಿಟ್ಟಿನ ಪ್ರತಿ ಗಾಡಿಯಲ್ಲೂ ಸಿ.ಬಿ. ರೇಡಿಯೋ ಇರಬೇಕು. ಗುಂಡಿ ಒತ್ತಿ ಮಾತಾಡುವುದು, ಬಿಟ್ಟು ಕೇಳುವುದು, ಒಬ್ಬರು ಆಡಿದ್ದು ಎಲ್ಲ ಗಾಡಿಗೂ ಕೇಳುವುದು, ನಮ್ಮ ಬೋಟಿನ ವಯರ್‌ಲೆಸ್ಸಿನ ತಮ್ಮ ಅನ್ನಿ. ಯೂನಿಟ್ಟಿನವರು ಎರಡು ಸೆಟ್ಟು ಕೊಟ್ಟರು. ಒಂದು ಗಾಡಿಗೆ, ಇನ್ನೊಂದು ನಮ್ಮ ಗಾಲಾಕ್ಕೆ. ಗಾಲಾ ಎಂದರೆ ಇಲ್ಲಿ ಸಣ್ಣ ಕಾರ್ಖಾನೆಗೆಂದು ಕಟ್ಟಿದ, ಶಟರ್ ಹಾಕಿದ ಕೋಣೆ; ನಮ್ಮ ಅಡುಗೆ ನಡೆಯುವುದು ಅಲ್ಲಿ.

ಫಿಟ್ ಮಾಡುವವನನ್ನು ಕರೆಯುತ್ತೇನೆ ಎಂದರು ಇವರು. "ಯಾಕೆ, ನಾನು ಸತ್ತಿದ್ದೇನಾ?" ಎಂದೆ. ಅವರು ನನ್ನನ್ನು ಒಮ್ಮೆ ನೋಡಿ, ಮರುದಿನ ಯೂನಿಟ್ಟಿನಲ್ಲಿ ಎಲ್ಲರಿಗೂ "ನನ್ನ ಹೆಂಡತಿಯೇ ಆಂಟೆನಾ ಹಾಕುವುದು" ಎಂದು ಹೇಳಿಕೊಂಡು ಬಂದರಂತೆ. ನನಗೂ ಒಳಗೊಳಗೇ ಉಬ್ಬು. ಈ ಊರಿನಲ್ಲಿ ಮೊದಲ ಸಲ ನನ್ನಿಂದ ಆಗುವ ಕೆಲಸವೊಂದು ಸಿಕ್ಕಿತ್ತು.

ಗಾಲಾದ ಆಂಟೆನಾಕ್ಕೆ ಆಯಸ್ಕಾಂತದ ತಳ. ತಗಡಿನ ಮಾಡಿನ ಮೇಲೆ ಇಟ್ಟರೆ ಮುಗಿಯಿತು. ಗಾಡಿಗೆ ಅಂಥದ್ದು ಬೇಡ, ಸಿಗ್ನಲ್ಲಿನಲ್ಲಿ ನಿಂತಾಗ ಯಾರಾದರೂ ಎತ್ತಿಕೊಂಡು ಹೋಗುತ್ತಾರೆ ಎಂದರು ಇವರು. ಹಾಗಾಗಿ ಬೋಲ್ಟು ಹಾಕುವ ಆಂಟೆನಾ. ಕ್ಯಾಬಿನ್ನಿನ ಹಿಂದೆ ಕಬ್ಬಿಣದ ಕಟಾಂಜನ ಉಂಟಲ್ಲ, ಅದಕ್ಕೆ ಕ್ಲ್ಯಾಂಪು ಕೂರಿಸಿದೆ. ಮಲ್ಪೆಯಲ್ಲಿ ಕಲಿತ ಹಾಗೆ ಅಡಿಗೆ ರಬ್ಬರಿನ ವಾಷರು, ಅದರ ಮೇಲೆ ಗ್ರೀಸು, ಕಬ್ಬಿಣ ಎಲ್ಲೂ ಬತ್ತಲೆ ಕಾಣದ ಹಾಗೆ. ಸಮುದ್ರದ ಉಪ್ಪುಗಾಳಿ ತಿನ್ನುವುದು ಬತ್ತಲೆ ಕಬ್ಬಿಣವನ್ನು. ಒಂದು ಗೀರು ಬಿಟ್ಟರೆ ಮಳೆಗಾಲ ಮುಗಿಯುವುದರೊಳಗೆ ಬೋಲ್ಟು ಪುಡಿ. ಮೇಲಾಗಿ ಆ ನೀಲಿ ಪೈಂಟು! ಹಳೇ ಗಾಡಿಗೆ ಇವರು ಹೊಸದಾಗಿ ಹೊಡೆಸಿದ್ದು, ಬೆಳಿಗ್ಗೆ ಎದ್ದು ಮಗುವಿನ ಮೈ ಒರೆಸಿದ ಹಾಗೆ ಒರೆಸುತ್ತಾರೆ. ಅದಕ್ಕೆ ನಾನು ಉಗುರು ತಾಗಿಸುವುದುಂಟಾ?

ಸೆಟ್ಟಿನ ದೀಪ ಹತ್ತಿತು. ಗಾಲಾದ ಎದುರು ಗಾಡಿಯಲ್ಲಿ ಕೂತು "ಹಲೋ" ಅಂದರೆ ಒಳಗಿನ ಸೆಟ್ಟಿನಲ್ಲಿ ಕೇಳಿತು. ನನ್ನ ಕೆಲಸ ನೋಡಿ ನಾನೇ ಮೆಚ್ಚಿಕೊಂಡೆ.

ಮೊದಲ ದಿನವೇ ಮರ್ಯಾದೆ ಹೋಯಿತು. ಊಟ ಬಂಗಲೆಗೆ ಬೇಡ, ಬೀಚಿನ ಕಡೆ ತನ್ನಿ ಎಂದು ಯೂನಿಟ್ಟಿನ ಮ್ಯಾನೇಜರ್ ರೇಡಿಯೋದಲ್ಲಿ ಕೂಗಿದ್ದೇ ಕೂಗಿದ್ದು. ಇವರಿಗೆ ಬರೀ ಬರ್‍ರ್ ಎಂಬ ಸದ್ದು. ಇವರು ಕೂಗಿದ್ದು ಅಲ್ಲಿ ಯಾರಿಗೂ ಮುಟ್ಟಲಿಲ್ಲ. ನಾನೋ ಆಗಲೇ ಗಾಲಾದ ಶಟರ್ ಎಳೆದು ಮನೆಗೆ ಬಂದಿದ್ದೆ. ಎಂಬತ್ತು ಜನ ಒಂದು ಗಂಟೆ ಹಸಿದು ಕೂತರು. ಇವರು ಸಂಜೆ ಬಂದು ನನಗೆ ಏನೂ ಹೇಳದೆ, ಬಟ್ಟೆ ತೆಗೆದುಕೊಂಡು ಗಾಡಿ ಒರೆಸತೊಡಗಿದರು. ಹೇಳಿದವಳು ಊಟದ ಗಾಡಿಯಲ್ಲಿ ಜತೆಗೆ ಹೋಗಿದ್ದ ಶಾಂತವ್ವ.

"ಮ್ಯಾನೇಜರ್ ಭಾಳ ಸಿಟ್ಟಾಗ್ಯಾನವ್ವಾ. ಇನ್ನೊಮ್ಮೆ ಹಿಂಗಾದ್ರ ಬ್ಯಾರೆದವ್ರನ್ನ ನೋಡ್ತೀನಿ ಅಂದ. ರೇಡಿಯೋ ಹಾಕಿದ್ದು ಯಾರು ಅಂತ ಎಲ್ಲಾರ ಮುಂದ ಕೇಳಿದ."

"ಇವರು ಎಂತ ಹೇಳಿದರು?"

"ತಪ್ಪು ನಂದು, ನಾನಽ ವಯರ್ ಜಗ್ಗಿದ್ದೆ ಅಂದ್ರು."

ನನಗೆ ಅಳು, ಸಿಟ್ಟು ಎರಡೂ ಬಂತು. ಹೊರಗೆ ಹೋಗಿ, "ಒಮ್ಮೆ ಬೈದಾದರೂ ಬಿಡಿ ಮಾರಾಯ್ರೆ!" ಎಂದೆ. "ಬೈದರೆ ಸರಿಯಾಗ್ತದಾ?" ಎಂದು ಅವರು ಕನ್ನಡಿ ಒರೆಸುತ್ತಲೇ ಇದ್ದರು.

ಮರುದಿನ ಶೂಟಿಂಗಿಗೆ ರಜೆ. ನಾನೊಬ್ಬಳೇ ಲೋಕಲ್ ಹತ್ತಿ ಗ್ರಾಂಟ್ ರೋಡಿಗೆ ಹೋದೆ. ಆ ಸ್ಟೇಷನ್ನಿನಲ್ಲಿ ಇಳಿದರೆ ರೇಡಿಯೋ, ವಯರುಗಳ ಅಂಗಡಿಗಳ ಬೀದಿಯೇ ಉಂಟು. ನಾವು ಆಂಟೆನಾ ತಂದದ್ದು ಅಲ್ಲಿಂದಲೇ. ನಮ್ಮಲ್ಲಿಯ ಕಪಾಟಿನಷ್ಟೇ ಅಗಲದ ಅಂಗಡಿ, ಒಳಗೆ ದಪ್ಪ ಕನ್ನಡಕದ ಮುದುಕ. ಕೇಬಲ್ಲು ಹಾಳು, ಬದಲಿಸಿ ಕೊಡಿ ಎಂದು ಜಗಳಕ್ಕೇ ನಿಂತೆ. ಆತ ಕೇಬಲ್ಲಿನ ಎರಡು ತುದಿಗೆ ಮೀಟರು ಹಿಡಿದು, ಅದು ಸರಿ ಉಂಟೆಂದು ತೋರಿಸಿ, ತಣ್ಣಗೆ ಕೇಳಿದ: "ರಂಗ್ ಘಿಸಾ ಕ್ಯಾ?" ಪೈಂಟು ತಿಕ್ಕಿ ತೆಗೆದಿದ್ದೀಯಾ ಎಂದು. ನನಗೆ ಉರಿದುಹೋಯಿತು. ಪೈಂಟು ತೆಗೆಯುವುದಂತೆ! ಯಾರಾದರೂ ಬುದ್ಧಿ ಇದ್ದವರು ಮಾಡುವ ಕೆಲಸವಾ ಅದು? ಕೇಬಲ್ಲು ಕಿತ್ತುಕೊಂಡು ಬಂದೆ.

ಟ್ರೈನಿನಲ್ಲಿ ಮೂರು ಜನರ ಸೀಟಿಗೆ ನಾಲ್ಕನೆಯವಳಾಗಿ ತುದಿಯಲ್ಲಿ ಅಂಟಿಕೊಂಡು ಕೂತೆ. ಸ್ವಲ್ಪ ಸರಿಯಿರಿ ಅಂದರೆ ಸರಿದು ಕೊಡುವುದು ಇಲ್ಲಿಯ ಕ್ರಮ. ಮೊದಮೊದಲು ಕೇಳಲು ನಾಚಿಕೆಯಾಗಿ ಮಲಾಡಿನವರೆಗೂ ನಿಂತೇ ಬರುತ್ತಿದ್ದೆ. ಈಗ ಕೇಳುತ್ತೇನೆ. ಹಾಗೆ ಕೂತು ಆ ಮುದುಕನನ್ನು ಮನಸ್ಸಿನಲ್ಲೇ ಬೈಯುತ್ತಿರುವಾಗ, ದಾದರ್ ದಾಟಿದ ಮೇಲೆ ಇರಬೇಕು, ಅಪ್ಪನ ಸ್ವರ ಕೇಳಿದ ಹಾಗಾಯಿತು. ಮಳೆಗಾಲದಲ್ಲಿ ಬೋಟುಗಳನ್ನು ದಡಕ್ಕೆ ಎಳೆದು ಅಡಿಗೆಲ್ಲ ಪೈಂಟು ಹೊಡೆಯುತ್ತಾರಲ್ಲ, ಆಗ ಅಪ್ಪ ಒಂದು ಅಂಗೈಯಗಲದ ತಾಮ್ರದ ತಗಡಿನ ಮುಂದೆ ನಿಂತು ಕಾವಲು ಕಾಯುತ್ತಿದ್ದರು. ವಯರ್‌ಲೆಸ್ಸಿನ ಅರ್ತಿಂಗ್ ತಗಡು ಅದು, ನೀರಿಗೆ ತಾಗಿಕೊಂಡೇ ಇರಬೇಕಾದದ್ದು. "ಅದಕ್ಕೊಂದು ಬ್ರಷ್ ತಾಗಿಸಿದರೆ ನಿನ್ನ ಕೈ ಮುರೀತೇನೆ!" ಎಂದು ಪೈಂಟಿನವರ ಮೇಲೆ ಬೊಬ್ಬೆ ಹಾಕುತ್ತಿದ್ದರು. ಇಡೀ ಬೋಟು ಮುಚ್ಚಿ ಅದೊಂದನ್ನು ಬತ್ತಲೆ ಬಿಡುತ್ತಿದ್ದರು. ಮುಚ್ಚುವುದನ್ನೆಲ್ಲ ಕಲಿತ ನಾನು ಆ ಒಂದನ್ನು ಮರೆತಿದ್ದೆ. ಇಲ್ಲಿ ಗಾಡಿಯ ಕಬ್ಬಿಣದ ಬಾಡಿಯೇ ಅರ್ತಿಂಗು. ಅದಕ್ಕೂ ಆಂಟೆನಾದ ಕ್ಲ್ಯಾಂಪಿಗೂ ನಡುವೆ ನಾನು ಪೈಂಟು, ಗ್ರೀಸು, ರಬ್ಬರು ಎಲ್ಲ ಹಾಕಿ, ಒಂದಕ್ಕೊಂದು ತಾಗದ ಹಾಗೆ ಬಂದೋಬಸ್ತು ಮಾಡಿದ್ದೆ! ಎಂಥ ಪೆದ್ದಿ ನಾನು!

ಬೆಳಿಗ್ಗೆ ಇವರು ಗಾಡಿ ಒರೆಸುವಾಗ ಹತ್ತಿರ ಹೋದೆ. "ಪೈಂಟು ಕೆರೆಯಬೇಕು" ಎಂದೆ.

"ಎಷ್ಟು?"

"ಎರಡು ಬೆರಳಗಲ. ಎರಡು ಕಡೆ."

ಅವರು ಗಾಡಿ ನೋಡಿದರು, ನನ್ನ ಕೈಯಲ್ಲಿದ್ದ ಅರ ನೋಡಿದರು. ಆಮೇಲೆ ಅರ ಇಸಿದುಕೊಂಡು ತಾವೇ ಕೆರೆಯತೊಡಗಿದರು. "ನೀನು ಕೆರೆದರೆ ನನಗೆ ಸಿಟ್ಟು ಬಂದರೂ ಬಂದೀತು" ಎಂದರು. "ನಾನೇ ಕೆರೆದರೆ ಯಾರ ಮೇಲೆ ಸಿಟ್ಟು ಮಾಡುವುದು?" ಐದು ತಿಂಗಳಲ್ಲಿ ಅವರ ಬಾಯಿಂದ ಬಂದ ಅತಿ ಉದ್ದದ ಮಾತು ಅದು. ನೀಲಿಯ ಅಡಿಯಿಂದ ಬೆಳ್ಳಗೆ ಕಬ್ಬಿಣ ಹೊಳೆಯಿತು. ರಬ್ಬರು ಬಿಸಾಡಿ, ಹಲ್ಲಿರುವ ವಾಷರು ಹಾಕಿ ಬಿಗಿದೆ. ಕಟಾಂಜನದಿಂದ ಬಾಡಿಗೆ ಇನ್ನೊಂದು ದಪ್ಪ ವಯರು ಎಳೆದೆ. ಕ್ಲ್ಯಾಂಪಿಗೂ ಬಾಡಿಗೂ ಮೀಟರಿನ ಕಡ್ಡಿ ಹಿಡಿದಾಗ, ಒಂದಕ್ಕೊಂದು ತಾಗಿತೆಂದು ಅದು ಕುಂಯ್ ಎಂದಿತು. ಆಮೇಲೆಯೇ ಸುತ್ತ ಗ್ರೀಸು ಮೆತ್ತಿದ್ದು. ಮಲ್ಪೆಯವಳು ಅಷ್ಟು ಮಾಡದೆ ಬಿಟ್ಟಾಳಾ?

ಅವತ್ತು ಗಾಡಿ ಹೊರಟದ್ದೇ ನಾನು ಗಾಲಾದಲ್ಲಿ ಸೆಟ್ಟಿನ ಮುಂದೆ ಕೂತುಬಿಟ್ಟೆ. ಇವತ್ತೂ ಕೆಟ್ಟರೆ ಇವರ ಕೆಲಸ ಹೋಯಿತು. ಮಧ್ಯಾಹ್ನ ಮ್ಯಾನೇಜರಿನ ಸ್ವರ ಬಂತು: ಇನ್ನೂ ಹತ್ತು ಊಟ ಹೆಚ್ಚು ಬೇಕು, ಹಿಂದಿನ ಗೇಟಿಗೆ ಬನ್ನಿ. ತಕ್ಷಣ ಇವರ ಸ್ವರ: "ಆತಾ ಹೂಂ ಸಾಬ್, ಪೀಛೆ ಕಾ ಗೇಟ್." ಹಿಂದಿನ ಗೇಟಿಗೇ ಬರ್ತೇನೆ ಎಂದು. ಮ್ಯಾನೇಜರು "ಬರೋಬರ್" ಎಂದ. ಸರಿ ಎಂದು. ಅವತ್ತು ಗಾಡಿಯಲ್ಲಿ ಹೋಗದೆ ನನ್ನ ಜತೆ ಕೂತಿದ್ದ ಶಾಂತವ್ವ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು.

ಊಟ ಮುಟ್ಟಿಸಿ ವಾಪಸು ಬರುವಾಗ ರೇಡಿಯೋ ಮತ್ತೆ ಮಾತಾಡಿತು. "ಜಲಜಾ, ಕೇಳ್ತದಾ?" ನಮ್ಮ ತುಳುವಿನಲ್ಲಿ. ಕೇಳ್ತದೆ ಎಂದೆ. ಶುರುವಾಯಿತು ನೋಡಿ! ಮಢ್‌ನಲ್ಲಿ ಬಿದಿರಿಗೆ ನೇತು ಹಾಕಿ ಒಣಗಿಸುವ ಬೊಂಬಿಲ್ ಮೀನು ಎದುರಿಗುಂಟಂತೆ, ವಾಸನೆಗೆ ನನ್ನ ನೆನಪಾಯಿತಂತೆ! ಹೀರೋ ಎರಡು ಸಲ ಸಾರು ಹಾಕಿಸಿಕೊಂಡನಂತೆ. ಅದೇ ಫೋನಿನ ಸಂಜೀವ, ಅದೇ ನಗು. ಐದು ತಿಂಗಳು ನಾನು ಆ ಕೋಣೆಯಲ್ಲಿ ಹುಡುಕಿದ ಗಂಡಸು ಇಲ್ಲಿ ಡಬ್ಬಿಯೊಳಗೆ ಸಿಕ್ಕಿದ್ದ. ಮಾತು ಮಾತಾಗಿ ಒಮ್ಮೆಲೇ ಕೇಳಿದರು, "ಆರು ತಿಂಗಳು ಆಗ್ತಾ ಬಂತು. ನೀನು ಊರಿಗೆ ಹೋಗ್ತೀಯಾ, ಇರ್ತೀಯಾ?"

ಗುಂಡಿಯ ಮೇಲೆ ಬೆರಳಿಟ್ಟೆ, ಒತ್ತಲಿಲ್ಲ. ಆಗ ಎಲ್ಲಿಂದಲೋ ಬೇರೊಂದು ಗಂಡಸಿನ ಸ್ವರ, ಅಚ್ಚ ತುಳುವಿನಲ್ಲಿ: "ಅಕ್ಕಾ, ಬೇಗ ಹೇಳಿ. ನಾನೂ ಕಾರ್ಕಳದವ, ಮೇಕಪ್ ಗಾಡಿಯಲ್ಲಿದ್ದೇನೆ. ಅನ್ನ ಕಲಸಿದ ಕೈ ಒಣಗ್ತಾ ಉಂಟು!"

ನಾಚಿಕೆಯಿಂದ ಸಾಯುವ ಹಾಗಾಯಿತು. ಆದರೂ ಗುಂಡಿ ಒತ್ತಿದೆ. "ಮನೆಗೆ ಬಂದ ಮೇಲೂ ಹೀಗೇ ಮಾತಾಡ್ತೀರಾದರೆ ಇರ್ತೇನೆ. ಇಲ್ಲದಿದ್ದರೆ ಮಲ್ಪೆಯೇ ವಾಸಿ. ಅಲ್ಲಿಗಾದರೂ ಫೋನು ಮಾಡ್ತಿದ್ರಿ."

ಸಂಜೆ ಬಂದರು. ಕಾಲು ತೊಳೆದು ಮಂಚದ ತುದಿಯಲ್ಲಿ ಕೂತರು. ನಾನು ಎದುರಿಗೆ ಕೂತು "ಹೇಳಿ" ಎಂದೆ. ಬಾಯಿ ತೆರೆದರು, ಕಾಲರು ಸರಿ ಮಾಡಿಕೊಂಡರು. "ಎಂತ ಹೇಳುವುದು?" ಎಂದರು. ಪಾಪ ಅನಿಸಿತು. ಮುಖ ಕಾಣದ ಹೆಂಡತಿಯ ಜತೆ ಇಷ್ಟು ವರ್ಷ ಸಂಸಾರ ಮಾಡಿದವರಿಗೆ ಎದುರಿಗೆ ಮುಖ ಬಂದು ಕೂತರೆ ಮಾತು ಎಲ್ಲಿಂದ ಬರಬೇಕು? ನನಗಾದರೂ ಬರುತ್ತಿತ್ತಾ? ದೂರ ಇದ್ದಾಗ ಹತ್ತಿರ ಬರಬೇಕೆಂದು ಅತ್ತವಳು ನಾನು. ಹತ್ತಿರ ಬಂದ ಮೇಲೆ ಆ ದೂರವೇ ಬೇಕಾಗಿತ್ತು ಎಂದು ಈಗ ಹೇಳಿದರೆ ನೀವು ನಂಬುತ್ತೀರೋ ಇಲ್ಲವೋ.

ನಾನು ಎದ್ದು ಬೀನ್ಸಿನ ಬುಟ್ಟಿ ಎಳೆದುಕೊಂಡು, ಅವರಿಗೆ ಬೆನ್ನು ಹಾಕಿ ಗೋಡೆಯ ಕಡೆ ತಿರುಗಿ ಕೂತೆ.

"ಈಗ ಹೇಳಿ" ಎಂದೆ.

ನಾಲ್ಕು ಬೀನ್ಸು ಮುರಿದೆ. ಆಮೇಲೆ ಬೆನ್ನ ಹಿಂದಿನಿಂದ ಮೆಲ್ಲಗೆ ಶುರುವಾಯಿತು, ಬರುವಾಗ ಮಾರ್ವೆ ರೋಡಿನಲ್ಲಿ ರಿಕ್ಷಾದವನೊಬ್ಬ ಏನು ಮಾಡಿದ ಗೊತ್ತುಂಟಾ ಎಂದು. ನನ್ನ ಕಣ್ಣು ತುಂಬಿ ಬೀನ್ಸು ಕಾಣಲಿಲ್ಲ. ಅವರು ಮುಂಬಯಿಯಲ್ಲಿ ಮಾತಾಡುತ್ತಿದ್ದರು, ನಾನು ಮಲ್ಪೆಯಲ್ಲಿ ಕೂತು ಕೇಳುತ್ತಿದ್ದೆ. ತಿರುಗಿದರೆ ಎರಡು ಮಾರು ದೂರದಲ್ಲಿ ಮಂಚ. ನಾನು ತಿರುಗಲಿಲ್ಲ.

"ಹೂಂ," ಎಂದೆ, "ಆಮೇಲೆ?"