ಕೆಮಿಸ್ಟ್ರಿ ಮೇಡಂ ಮೂಗು

ಜ್ವರ ಬಂದು ಹೋದ ಮೇಲೆ ಕೆಮಿಸ್ಟ್ರಿ ಮೇಡಂಗೆ ವಾಸನೆ ತಿಳಿಯುವುದು ನಿಂತುಹೋಯಿತು. "ಬಂದರೂ ಬರಬಹುದು, ಕಾದು ನೋಡಿ" ಎಂದರು ಡಾಕ್ಟರು. ಐದು ತಿಂಗಳು ಕಾದರು. ಬರಲಿಲ್ಲ. ಅಳುವಾದರೂ ಬರಬೇಕಿತ್ತು, ಅದೂ ಬರಲಿಲ್ಲ. ಊಟವೆಂದರೆ ಉಪ್ಪು, ಹುಳಿ, ಬಿಸಿ, ತಣ್ಣಗೆ, ಇಷ್ಟೇ.

ಒಂದು ದಿನ ಹಾಲು ತಳ ಹಿಡಿದಾಗ ಅತ್ತೆ ಓಡಿಬಂದರು. "ಮೂಗಿನ ಮುಂದೇನೇ ಸೀದು ಹೋಗ್ತಿದೆ, ಗೊತ್ತಾಗಲ್ವೇನೇ?"

"ಏನೋ ಯೋಚನೇಲಿದ್ದೆ ಅತ್ತೆ" ಎಂದು ಪಾತ್ರೆ ಉಜ್ಜಿಟ್ಟರು. ಗಂಡನಿಗೂ ಹೇಳಿರಲಿಲ್ಲ. ಮುಚ್ಚಿಡಬೇಕೆಂದಲ್ಲ, ಹೇಳಬೇಕು ಅನ್ನಿಸಿರಲಿಲ್ಲ, ಅಷ್ಟೆ.

ಒಂಬತ್ತನೇ ತರಗತಿಗೆ ಅವರ ಮೊದಲ ಪಾಠ ದ್ರವ್ಯದ ಸ್ಥಿತಿಗಳು. ಹದಿನೇಳು ವರ್ಷದ ರೂಢಿ. ಆ ದಿನವೂ ಲ್ಯಾಬಿನ ಮೇಜಿನ ಮೇಲೆ ಕಲ್ಲು, ನೀರು, ಅತ್ತರಿನ ಸೀಸೆ ಇಟ್ಟರು. ನೀರು ಕುದಿಸಲೆಂದು ಬರ್ನರಿನ ಗ್ಯಾಸ್ ತಿರುಗಿಸಿದರೆ ಲೈಟರ್ ಕಾಣಲಿಲ್ಲ. ಆಮೇಲೆ ಹುಡುಕಿದರಾಯಿತೆಂದು ಪಾಠ ಶುರುಮಾಡಿದರು. ಗ್ಯಾಸ್ ನಿಲ್ಲಿಸುವುದು ಮರೆತೇಹೋಯಿತು.

ಕಲ್ಲನ್ನು ಎಲ್ಲಿಟ್ಟರೂ ತನ್ನ ಆಕಾರ ಬಿಡುವುದಿಲ್ಲ, ನೀರು ಸುರಿದ ಪಾತ್ರೆಯ ಆಕಾರಕ್ಕೆ ಹೊಂದಿಕೊಳ್ಳುತ್ತದೆ ಎಂದು ತೋರಿಸಿದರು. "ಅನಿಲ ಹಾಗಲ್ಲ. ಅದರ ಕಣಗಳು ಜಾಗ ಸಿಕ್ಕಿದಷ್ಟೂ ಹರಡ್ತವೆ. ಈಗ ಸೀಸೆ ತೆಗೀತೀನಿ. ವಾಸನೆ ಬಂದವರು ಕೈ ಎತ್ತಿ."

ಮುಚ್ಚಳಕ್ಕೆ ಕೈ ಹಾಕುವ ಮೊದಲೇ ಬರ್ನರಿನ ಪಕ್ಕದ ಬೆಂಚಿನಲ್ಲಿ ಎರಡು ಕೈ ಎದ್ದವು. ಆಮೇಲೆ ಅದರ ಹಿಂದಿನ ಬೆಂಚಿನಲ್ಲಿ ಮೂರು.

"ಇನ್ನೂ ತೆಗೆದೇ ಇಲ್ಲ, ಆಗಲೇ ಬಂತಾ? ಒಳ್ಳೇ ಮೂಗು ಕಣ್ರೋ ನಿಮ್ದು!"

ಮಕ್ಕಳು ನಕ್ಕರು. ಎರಡು ಜಡೆಯ ಹುಡುಗಿಯೊಬ್ಬಳು ಮಾತ್ರ ನಗಲಿಲ್ಲ. "ಮೇಡಂ, ಇದು ಅತ್ತರಲ್ಲ. ಗ್ಯಾಸು."

ಮೇಡಂ ಗ್ಯಾಸ್ ಬಂದ್ ಮಾಡಿದರು. "ಯಾರೂ ಸ್ವಿಚ್ ಮುಟ್ಬೇಡಿ. ಕಿಟಕಿ ತೆಗೀರಿ, ಸಾಲಾಗಿ ಹೊರಗೆ ನಡೀರಿ." ದನಿ ಹಾಜರಿ ಕೂಗಿದಷ್ಟೇ ಸಪ್ಪೆಯಾಗಿತ್ತು. ಅಂಗಳದಲ್ಲಿ ತಲೆ ಎಣಿಸಿದರು. ನಲವತ್ತೊಂದು, ಸರಿಯಾಗಿತ್ತು.

"ನಿಮಗೆ ವಾಸನೆ ಬರಲಿಲ್ವಾ ಮೇಡಂ?" ಎಂದಳು ಎರಡು ಜಡೆಯವಳು.

"ಇಲ್ಲ ಮಗು. ಐದು ತಿಂಗಳಾಯ್ತು, ನನಗೆ ಯಾವ ವಾಸನೇನೂ ಗೊತ್ತಾಗಲ್ಲ."

ಅದೇ ಮಾತನ್ನು ಹೆಡ್ಮಾಸ್ಟರಿಗೂ ಹೇಳಿದರು. ಬೈಗುಳ ತಿನ್ನಲು ತಯಾರಾಗಿಯೇ ಹೋಗಿದ್ದರು. ಹೆಡ್ಮಾಸ್ಟರು ಕನ್ನಡಕ ತೆಗೆದು ಒರೆಸಿ, "ಮೊದಲೇ ಹೇಳ್ಬಾರದಿತ್ತೇನಮ್ಮ?" ಎಂದರು. ಬರ್ನರಿನ ಜವಾಬ್ದಾರಿ ಅಟೆಂಡರಿಗೆ ಹೋಯಿತು. ಗ್ಯಾಸ್ ಸೋರಿದರೆ ಕೂಗುವ ಯಂತ್ರವೊಂದು ವಾರದೊಳಗೆ ಗೋಡೆಗೆ ಬಂತು.

ಆ ದಿನ ಸಂಜೆಯೇ ಗಂಡನಿಗೆ ಎಲ್ಲ ಹೇಳಿದ್ದರು. ಅವರು ಕೇಳಿದರು: "ಹೆದರಿಕೆ ಆಗ್ಲಿಲ್ವಾ?"

"ಆಗ್ಬೇಕಿತ್ತು. ಮಕ್ಕಳನ್ನ ಎಣಿಸ್ತಾ ಇದ್ದೆ."

ಗಂಡ ಅವರ ಕೈ ಹಿಡಿದುಕೊಂಡರು. ಮೇಡಂ ಬಿಡಿಸಿಕೊಳ್ಳಲಿಲ್ಲ. ಮರುದಿನದ ಪಾಠ ಆವಿಯಾಗುವಿಕೆ. ಇನ್ನೊಂದು ಕೈಯಿಂದ ಪುಸ್ತಕ ತೆರೆದು ಓದತೊಡಗಿದರು.