ಕೌದಿಯ ಹೊಟ್ಟೆ

ಹೋದ ವಾರ ಅಲ್ಮಾರಿಯ ಕೆಳಗಿನ ಖಾನೆ ತೆಗೆದಾಗ ಹಳೆಯ ಸೀರೆ ಮತ್ತು ಒಣ ರೊಟ್ಟಿಯ ವಾಸನೆ ಮುಖಕ್ಕೆ ಬಡಿಯಿತು. ಇಲಿ ಹೊಕ್ಕಿತ್ತು. ಎಲ್ಲ ಬಿಟ್ಟು ಒಂದು ಕೌದಿ ದಿಂಬಿನ ಮೂಲೆಯನ್ನೇ ಕಡಿದು, ಒಳಗಿನ ಚಿಂದಿಯನ್ನು ಹೊರಗೆಳೆದಿತ್ತು. ಬೈಯಲು ಬಾಯಿ ತೆರೆದವಳು ದಿಂಬನ್ನು ಕೈಗೆತ್ತಿಕೊಂಡೆ. ರೊಟ್ಟಿ ಎಲ್ಲಿದೆ ಎಂದು ಇಲಿಗೆ ಗೊತ್ತಾಗಿತ್ತು. ಅದನ್ನು ಅಲ್ಲಿಟ್ಟವಳ ನೆನಪು ನನಗಾಯಿತು...

ಆಗ ನಾನು ಮಾನ್ವಿಯಲ್ಲಿ ಟೀಚರ್. ಪಕ್ಕದ ಮನೆಯಾಕೆಯನ್ನು ಓಣಿಯೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ದೇವದುರ್ಗದ ಕಡೆಯ ಜಾಲಹಳ್ಳಿಯವಳು. ಹಳೆ ಸೀರೆಗಳನ್ನು ಪದರಪದರವಾಗಿ ಹಾಸಿ ಕೌದಿ ಹೊಲಿಯುವುದು ಆಕೆಯ ಕೆಲಸ. ಕೊನೆಯ ಮೂಲೆ ಮುಚ್ಚುವ ಮೊದಲು ಜೋಳದ ರೊಟ್ಟಿಯ ಚೂರೊಂದನ್ನು ಒಳಗಿಡುತ್ತಿದ್ದಳು. ಕೌದಿಯ ಹೊಟ್ಟೆ ತುಂಬಿಸುವುದು ಎಂದರೆ ಅದು. ನಮ್ಮ ಮನೆಯಲ್ಲಿ ಬುದ್ಧನ ಪಟ ಬಿಟ್ಟರೆ ಬೇರೆ ಯಾವುದಕ್ಕೂ ಕೈಮುಗಿಯುವ ರೂಢಿಯಿಲ್ಲ, ನಾನು ನಗುತ್ತಿದ್ದೆ.

"ನಗು ಬೇ, ನಗು. ಹಸದ ಕೌದಿ ಹೊದ್ದಕೊಂಡ್ರ ನಿದ್ದಿ ಹತ್ತಂಗಿಲ್ಲ" ಎನ್ನುತ್ತಿದ್ದಳು.

ಆ ವರ್ಷ ನನ್ನ ಬೆನ್ನೆಲುಬಿನ ತುದಿಯಲ್ಲಿ ಗಂಟು ಬೆಳೆಯಿತು. ನಿಲ್ಲಬಹುದು, ಬೋರಲು ಮಲಗಬಹುದು, ಕೂಡಲಾಗದು. ಕೂತರೆ ಕಾದ ಸಲಾಕಿ ಇಟ್ಟಂತೆ ಉರಿ. ಊಟ ನಿಂತುಕೊಂಡೇ, ಪಾಠ ನಿಂತುಕೊಂಡೇ, ಅಳುವುದೂ ನಿಂತುಕೊಂಡೇ. ಆಮೇಲೆ ಎಡಗಾಲು ಜೋಮು ಹಿಡಿಯತೊಡಗಿತು. ಗಂಟು ನರವನ್ನು ಒತ್ತುತ್ತಿದೆ, ತಡಮಾಡಿದರೆ ಕಾಲು ಹೋದೀತು ಎಂದರು ಡಾಕ್ಟರು. ದಿಲ್ಲಿಯಲ್ಲಿ ಕೆಲಸದಲ್ಲಿದ್ದ ತಮ್ಮ ಅಲ್ಲಿನ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಗೊತ್ತುಮಾಡಿದ. ರೈಲಿನಲ್ಲಾದರೆ ಮಲಗಿಕೊಂಡೇ ಹೋಗಬಹುದಿತ್ತು, ಆದರೆ ಆಸ್ಪತ್ರೆಯವರು ಮರುದಿನವೇ ಬರಹೇಳಿದರು. ಉಳಿದದ್ದು ವಿಮಾನ, ಅಂದರೆ ಕೂಡುವುದು.

ಹೆಂಗಸರ ವಾರ್ಡಿನಲ್ಲಿ ಜೊತೆಗಿರಲು ಹೆಂಗಸೇ ಬೇಕಿತ್ತು. ನಾನು ಒಂಟಿ, ಅವ್ವ ಇರಲಿಲ್ಲ. ರಾಯಚೂರು ದಾಟಿ ಗೊತ್ತಿಲ್ಲದ ಖಾಲಾ "ನಾ ಬರ್ತೀನಿ" ಎಂದಳು. ಅಂದೇ ಕೂತು, ನೋಯುವ ಜಾಗಕ್ಕೆ ತಾಗದಂತೆ ಹಿಂದೆ ಕಚ್ಚು ಬಿಟ್ಟು, ಈ ದಪ್ಪ ದಿಂಬು ಹೊಲಿದಳು.

ಜೀಪಿನ ಹಿಂದಿನ ಸೀಟಿನಲ್ಲಿ ಬೋರಲು ಮಲಗಿ ಹೊರಟೆ. ಕಲ್ಮಲ ದಾಟಿದ್ದು ರಸ್ತೆಯ ಕುಣಿಗಳಿಂದ ತಿಳಿಯಿತು, ದೇವಸುಗೂರಿನ ಬಳಿ ಕೃಷ್ಣೆ ಬಂದದ್ದು ಗಾಳಿಯಿಂದ. ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಪಾಪ, ನನಗಾಗಿ ಗಾಲಿಕುರ್ಚಿ ತಂದರು. ಕೂಡಲಾಗದವಳಿಗೆ ಕೂಡುವ ಗಾಡಿ! ಅದನ್ನು ಹಿಡಿದುಕೊಂಡು ನಡೆದೆ.

ತಪಾಸಣೆಯ ಯಂತ್ರದೊಳಗೆ ಹೋದ ದಿಂಬು ಹೊರಗೆ ಬರಲಿಲ್ಲ. ಪರದೆ ನೋಡುತ್ತಿದ್ದವನು ಇನ್ನೊಬ್ಬನನ್ನು ಕರೆದ. ದಿಂಬಿನೊಳಗೆ ಹರಿತವಾದದ್ದೇನೋ ಇದೆ, ಏನದು ಎಂದು ಹಿಂದಿಯಲ್ಲಿ ಕೇಳಿದರು. ರೊಟ್ಟಿ ಎಂದೆ ನಾನು. ಖಾಲಾ ನನ್ನ ತೋಳು ಹಿಡಿದಳು.

"ಕುಡಗೋಲಿನ ತುದಿ ಅದ ಬೇ..."

ಬಾಣಂತಿಯ, ಜಡ್ಡಿನವರ ತಲೆದಿಂಬಿನಡಿ ಕಬ್ಬಿಣ ಇಡುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಕೆಟ್ಟ ಗಾಳಿ ಸೋಕಬಾರದೆಂದು ಈಕೆ ಮುರಿದ ಕುಡುಗೋಲಿನ ಚೂಪು ತುದಿಯನ್ನೇ ರೊಟ್ಟಿಯ ಜೊತೆ ಒಳಗಿಟ್ಟು ಹೊಲಿದಿದ್ದಳು! ವಿಮಾನಕ್ಕೆ!

"ಏನ್ ಮಾಡಿಟ್ರಿ ಖಾಲಾ!" ಎಂದು ಎಲ್ಲರೆದುರು ಕಿರುಚಿದೆ. ಅಧಿಕಾರಿಗೆ ಆಕೆ ತನ್ನ ಮನೆಮಾತಿನಲ್ಲೇ ಹೇಳುತ್ತಿದ್ದಳು: "ಹವಾ ನಕ್ಕೋ ಲಗನಾ ಬೋಲ್ಕೆ ಡಾಲೀ ಬಾಬಾ..." ಗಾಳಿ ಸೋಕದಿರಲೆಂದು ಹಾಕಿದೆ ಎಂದರೂ ಆತ ಕೇಳಲಿಲ್ಲ. ದಿಂಬು ಬಿಟ್ಟು ಹೋಗಿ ಎಂದ. ನಮ್ಮ ವಿಮಾನದ ಹೆಸರು ಆಗಲೇ ಕೂಗುತ್ತಿದ್ದರು. ಅದಿಲ್ಲದೆ ಎರಡು ತಾಸು ಹೇಗೆ ಕೂಡಲಿ? ಹೋಗದಿದ್ದರೆ ಕಾಲು?

ಖಾಲಾ ದಿಂಬನ್ನು ಎಳೆದುಕೊಂಡಳು. ಮುಚ್ಚಿದ ಹೊಟ್ಟೆಯನ್ನು ಜಡ್ಡು ಮುಗಿಯುವ ಮುಂಚೆ ಬಿಚ್ಚಿದರೆ ಜೀವಕ್ಕೆ ಕೇಡು ಎಂದು ನಂಬಿದವಳು ಆಕೆ. ಮೂಲೆಯ ದಾರವನ್ನು ಹಲ್ಲಿನಿಂದ ಕಡಿದು, ಚಿಂದಿ, ರೊಟ್ಟಿ, ಕಬ್ಬಿಣ ಎಲ್ಲವನ್ನೂ ಮೇಜಿನ ಮೇಲೆ ಸುರಿದಳು. ಅವರು ಕಬ್ಬಿಣ ಇಟ್ಟುಕೊಂಡು, ಖಾಲಿ ಚೀಲವನ್ನು ಮತ್ತೊಮ್ಮೆ ಯಂತ್ರಕ್ಕೆ ಹಾಕಿ, ಉಳಿದದ್ದನ್ನು ನಮ್ಮತ್ತ ದೂಡಿದರು. ರೊಟ್ಟಿಯ ಚೂರನ್ನು ಆಕೆ ಕಣ್ಣಿಗೊತ್ತಿಕೊಂಡು ಸೆರಗಿಗೆ ಕಟ್ಟಿದಳು.

ಸೂಜಿ ಮೊದಲೇ ಒಪ್ಪಿಸಿದ ಸಾಮಾನಿನ ಚೀಲದೊಂದಿಗೆ ಹೋಗಿಬಿಟ್ಟಿತ್ತು. ಚಿಂದಿಯನ್ನು ಹೇಗೋ ತುರುಕಿ ಸೀಟಿನ ಮೇಲಿಟ್ಟು ಕೂತೆ. ಕೂತೊಡನೆ ಅದು ಒಂದು ಮಗ್ಗುಲಿಗೆ ಜರುಗಿ ಉರಿ ನೆತ್ತಿಗೇರಿತು. ಎಂಜಿನ್ ಗುಡುಗಿತು. ಬಿಚ್ಚಿದ ಮೂಲೆಯೊಳಗೆ ಖಾಲಾ ಕೈ ತೂರಿಸಿ, ಚಿಂದಿಯನ್ನು ಮುಷ್ಟಿಯಲ್ಲಿ ಒತ್ತಿಹಿಡಿದು ನನ್ನ ಭಾರ ಎತ್ತಿದಳು.

"ಕಬ್ಬಣ ಹೋದ್ರ ಹೋಗ್ಲಿ. ನನ್ನ ಕೈ ಅದ."

ಮೇಲೇರಿದ ಮೇಲೆ ಗಗನಸಖಿಯನ್ನು ಬೇಡಿಕೊಂಡು ಹಿಂದೆ ಹೋಗಿ ನಿಂತೆ. ಇಳಿಯುವ ಹೊತ್ತಿಗೆ ಮತ್ತೆ ಕೂಡಬೇಕಾಯಿತು. ದಿಲ್ಲಿಯ ಮೇಲೆ ಜಾಗವಿಲ್ಲವೆಂದು ವಿಮಾನ ಸುತ್ತಿತು, ಸುತ್ತಿತು... ನಾನು ಸೆರಗು ಕಚ್ಚಿಕೊಂಡಿದ್ದೆ. ಆಕೆ ಕಣ್ಣುಮುಚ್ಚಿ ಏನೋ ಜಪಿಸುತ್ತಿದ್ದಳು. ಗಾಲಿ ನೆಲಕ್ಕೆ ಬಡಿದಾಗ ನನ್ನ ಭಾರವೆಲ್ಲ ಆ ಕೈಯ ಮೇಲೆ ಬಿತ್ತು. ಹೊರತೆಗೆದಾಗ ಬೆರಳು ಕಪ್ಪಿಟ್ಟಿದ್ದವು. ಸಂಜೆಯವರೆಗೂ ಮುಷ್ಟಿ ಬಿಚ್ಚಲು ಬರಲಿಲ್ಲ.

ಆಪರೇಷನ್ ಮುಗಿದು ಕಣ್ಣುಬಿಟ್ಟಾಗ ಆಕೆ ಮಂಚದ ಪಕ್ಕ ಅದೇ ಬಾತ ಬೆರಳಿನಲ್ಲಿ ಮೂಲೆ ಹೊಲಿಯುತ್ತಿದ್ದಳು. ಸೆರಗಿನ ಗಂಟು ಬಿಚ್ಚಿತ್ತು. ರೊಟ್ಟಿ ಮತ್ತೆ ಒಳಗೆ ಹೋಗಿತ್ತು.

"ಕಾಲ್ ಅಳ್ಳಾಡಸು" ಎಂದಳು. ಹೆಬ್ಬೆರಳು ಅಲುಗಿತು. ಆಕೆ ಹೊಲಿಯುವುದನ್ನು ನಿಲ್ಲಿಸಿ ಗೋಡೆಯ ಕಡೆ ಮುಖ ಮಾಡಿ ಅತ್ತಳು.

ಆಮೇಲೆ ನನಗೆ ರಾಯಚೂರಿಗೆ ವರ್ಗವಾಯಿತು, ಆಕೆ ಜಾಲಹಳ್ಳಿಗೆ ಅಣ್ಣನ ಮನೆಗೆ ಹೋದಳು. ಹೋದ ಬೇಸಿಗೆಯಲ್ಲಿ ತೀರಿಕೊಂಡಳಂತೆ. ಸುದ್ದಿ ಬಂದಾಗ ಮಣ್ಣು ಮುಗಿದಿತ್ತು.

ಇಲಿ ಕಡಿದ ದಿಂಬನ್ನು ಹಿಡಿದು ಅಡುಗೆಮನೆಯ ನೆಲದ ಮೇಲೆ ಕೂತೆ. ಬೆಳಗಿನ ರೊಟ್ಟಿಯ ಚೂರೊಂದನ್ನು ಒಳಗಿಟ್ಟೆ. ಕಬ್ಬಿಣ ಇಡಲಿಲ್ಲ, ನಾನು ಅದನ್ನೆಲ್ಲ ನಂಬುವವಳಲ್ಲ. ಆದರೆ ಮುಚ್ಚುವ ಮೊದಲು ಆ ಮೂಲೆಯೊಳಗೆ ಕೈ ತೂರಿಸಿ ಚಿಂದಿಯನ್ನು ಮುಷ್ಟಿಯಲ್ಲಿ ಹಿಡಿದೆ... ಹಾಗೇ ಬಹಳ ಹೊತ್ತು ಕೂತಿದ್ದೆ. ಎಲ್ಲೂ ನೋಯಲಿಲ್ಲ. ಅದನ್ನು ಯಾರಿಗೆ ಹೇಳಬೇಕಿತ್ತೋ ಅವಳು ಇರಲಿಲ್ಲ.